ಬೇರೆ ಹೆಸರಿನ ಅನುದಾನ: ಬಸಿರು, ದಾಂಪತ್ಯ ಹಿಂಸೆ ಮತ್ತು ಸಂಶೋಧನೆಯ ಹಣಕಾಸಿನ ಚರಿತ್ರೆ

ಗರ್ಭಿಣಿಯಾಗಿರುವಾಗ ಅಥವಾ ಗರ್ಭಾವಸ್ಥೆ ಕೊನೆಗೊಂಡ 42 ದಿನಗಳೊಳಗೆ, ಗರ್ಭಧಾರಣೆಯಿಂದ ಉಂಟಾದ ಅಥವಾ ಅದರಿಂದ ಉಲ್ಬಣಗೊಂಡ ಕಾರಣದಿಂದ ಸಂಭವಿಸುವ ಮರಣವನ್ನು ಮಾತ್ರ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವು ತಾಯಿ ಮರಣವೆಂದು ಪರಿಗಣಿಸುತ್ತದೆ. ಆಕಸ್ಮಿಕ ಕಾರಣಗಳನ್ನು ಈ ವ್ಯಾಖ್ಯೆ ಹೊರಗಿರಿಸಿದೆ. ರಕ್ತಸ್ರಾವದಿಂದ ಸತ್ತ ಬಾಣಂತಿ ಆರೋಗ್ಯ ಇಲಾಖೆಯ ಲೆಕ್ಕಕ್ಕೆ ಸೇರುತ್ತಾಳೆ. ಏಳು ತಿಂಗಳ ಬಸುರಿಯಾಗಿದ್ದಾಗ ಗಂಡನ ಹೊಡೆತದಿಂದ ಸತ್ತವಳು ಪೊಲೀಸ್ ಠಾಣೆಯ ಕಡತಕ್ಕೆ ಸೇರುತ್ತಾಳೆ. ಒಂದೇ ಬಸಿರಿಗೆ ಸಂಬಂಧಿಸಿದ ಎರಡು ಸಾವುಗಳು ಹೀಗೆ ಎರಡು ಇಲಾಖೆಗಳಿಗೆ ಹಂಚಿಹೋಗುತ್ತವೆ. ಸಂಶೋಧನೆಗೆ ದೊರೆಯುವ ಹಣವೂ ಇದೇ ವಿಭಜನೆಯನ್ನು ಅನುಸರಿಸಿ ಬಂದಿರುವುದನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ದಾಖಲೆಗಳು ತೋರಿಸುತ್ತವೆ. ಬಸಿರು ಮತ್ತು ಹಿಂಸೆಗಳೆರಡನ್ನೂ ಒಟ್ಟಿಗೆ ಹೆಸರಿಸುವ ಅನುದಾನ ಬಹುಕಾಲ ಇರಲಿಲ್ಲ. ಈ ವಿಷಯದಲ್ಲಿ ಇಂದು ತಿಳಿದಿರುವುದರ ಬಹುಪಾಲು ಬೇರೆ ಯಾವುದೋ ಉದ್ದೇಶಕ್ಕೆಂದು ಬಂದ ಹಣದಿಂದ, ಅನೇಕ ವೇಳೆ ಅನಿರೀಕ್ಷಿತವಾಗಿ, ದೊರೆತ ತಿಳಿವಳಿಕೆಯೇ ಆಗಿದೆ. ಕರ್ನಾಟಕದ ಅನುಭವ ಇದಕ್ಕೆ ಒಳ್ಳೆಯ ನಿದರ್ಶನ.

ಭಾರತದಲ್ಲಿ ವೈದ್ಯಕೀಯ ಸಂಶೋಧನೆಗೆ ಸಂಘಟಿತ ಧನಸಹಾಯವು 1911ರಲ್ಲಿ ಸ್ಥಾಪನೆಯಾದ ಭಾರತೀಯ ಸಂಶೋಧನಾ ನಿಧಿ ಸಂಘದಿಂದ ಆರಂಭವಾಯಿತು. 1949ರಲ್ಲಿ ಅದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾಯಿತು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಹೆಣ್ಣಿನ ಬಸಿರಿನ ಬಗೆಗೆ ಅಂತಾರಾಷ್ಟ್ರೀಯ ಸಂಸ್ಥೆಗಳು ತೋರಿದ ಆಸಕ್ತಿಯ ಮೂಲ ಜನಸಂಖ್ಯೆಯ ಭೀತಿಯಲ್ಲಿತ್ತು. ಮೈಸೂರು ಸಂಸ್ಥಾನದ ನೆಲ ಈ ಆಸಕ್ತಿಯ ಪ್ರಯೋಗಶಾಲೆಗಳಲ್ಲೊಂದಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 1952ರಿಂದ ದಿನಗಣನೆಯ ಗರ್ಭನಿರೋಧ ವಿಧಾನವನ್ನು ಪರೀಕ್ಷಿಸಲು ಆಯ್ದುಕೊಂಡ ಎರಡು ಸ್ಥಳಗಳಲ್ಲಿ ಒಂದು ದೆಹಲಿಯ ಲೋದಿ ಕಾಲೊನಿಯಾದರೆ ಇನ್ನೊಂದು ರಾಮನಗರ. ಅದೇ ಅವಧಿಯಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರಗಳು ಜಂಟಿಯಾಗಿ ಕೈಗೊಂಡ ಮೈಸೂರು ಜನಸಂಖ್ಯಾ ಅಧ್ಯಯನದ ವರದಿ 1961ರಲ್ಲಿ ಪ್ರಕಟವಾಯಿತು. ಮದುವೆಯ ವಯಸ್ಸು, ಹೆರಿಗೆಗಳ ಸಂಖ್ಯೆ, ಬದುಕುಳಿದ ಮಕ್ಕಳು, ಕುಟುಂಬವನ್ನು ಮಿತಗೊಳಿಸುವ ಬಗೆಗಿನ ಮನೋಭಾವ ಇವು ಅಂಥ ಸಮೀಕ್ಷೆಗಳ ಮುಖ್ಯ ಆಸಕ್ತಿಗಳು. ದಿನಗಣನೆಯ ವಿಧಾನವು ದಂಪತಿಗಳ ನಡುವಿನ ಒಪ್ಪಂದವನ್ನು ಆಧರಿಸಿದ್ದು. 'ಬೇಡ' ಎನ್ನಲು ಹೆಂಡತಿಗೆ ಸಾಧ್ಯವಿದೆಯೇ ಎಂಬುದೇ ಅದರ ಮೊದಲ ಷರತ್ತು. ರಾಮನಗರದ ಪ್ರಯೋಗ ನಿಂತಿದ್ದದ್ದು ಈ ಷರತ್ತಿನ ಮೇಲೆಯೇ. ಆದರೂ ದಾಂಪತ್ಯದೊಳಗಿನ ಬಲಾತ್ಕಾರ ಆ ಕಾಲದಲ್ಲಿ ಆರೋಗ್ಯ ಸಂಶೋಧನೆಯ ವಿಷಯವಾಗಿರಲಿಲ್ಲ.

1973ರಲ್ಲಿ ವಿಶ್ವಬ್ಯಾಂಕ್ ಮತ್ತು ಸ್ವೀಡನ್ನಿನ ನೆರವಿನಿಂದ ಆರಂಭವಾದ ಮೊದಲನೆಯ ಭಾರತ ಜನಸಂಖ್ಯಾ ಯೋಜನೆಗೆ ಕರ್ನಾಟಕ ಮತ್ತು ಉತ್ತರಪ್ರದೇಶಗಳು ಆಯ್ಕೆಯಾದವು. ಬೆಂಗಳೂರಿನ ಜನಸಂಖ್ಯಾ ಕೇಂದ್ರ ಈ ಹಿನ್ನೆಲೆಯಲ್ಲಿ ಬೆಳೆಯಿತು. ಆ ಕೇಂದ್ರದ ಪಿ.ಎಚ್. ರೆಡ್ಡಿಯವರು ಆಸ್ಟ್ರೇಲಿಯದ ಜಾನ್ ಕಾಲ್ಡ್‌ವೆಲ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಂಪತಿಗಳೊಡನೆ ಗ್ರಾಮೀಣ ಕರ್ನಾಟಕದಲ್ಲಿ ನಡೆಸಿದ ಕ್ಷೇತ್ರಕಾರ್ಯದ ಫಲವಾದ ಗ್ರಂಥ 1988ರಲ್ಲಿ ಹೊರಬಂದಿತು. ಪ್ರಶ್ನಾವಳಿಯನ್ನಷ್ಟೇ ನಂಬದೆ ಹಳ್ಳಿಗಳಲ್ಲಿ ನಿಂತು ನೋಡುವ ಮಾನವಶಾಸ್ತ್ರೀಯ ವಿಧಾನವನ್ನು ಜನಸಂಖ್ಯಾಶಾಸ್ತ್ರಕ್ಕೆ ತಂದದ್ದು ಆ ಅಧ್ಯಯನದ ಹೆಗ್ಗಳಿಕೆ. ಅತ್ತೆಯ ಹಿಡಿತ ಸಡಿಲುಗೊಂಡು ಎಳೆಯ ದಂಪತಿಗಳ ಮಾತಿಗೆ ಬೆಲೆ ಬರುತ್ತಿದ್ದ ಬದಲಾವಣೆಯನ್ನು ಅದು ಸೂಕ್ಷ್ಮವಾಗಿ ಗುರುತಿಸಿತು. ಆದರೆ ಅದರ ಕೇಂದ್ರ ಪ್ರಶ್ನೆ ಫಲವಂತಿಕೆಯ ಇಳಿಕೆಯೇ. ಇದನ್ನು ಸಂಶೋಧಕರ ದೋಷವೆಂದು ಎಣಿಸುವುದು ನ್ಯಾಯವಲ್ಲ. ಹಣ ಯಾವ ಪ್ರಶ್ನೆಗೆ ಬಂದಿತ್ತೋ ಆ ಪ್ರಶ್ನೆಗೆ ಅವರು ಪ್ರಾಮಾಣಿಕವಾಗಿ ಉತ್ತರ ಹುಡುಕಿದರು.

ಪ್ರಶ್ನೆ ಕೇಳದಿದ್ದರೂ ಉತ್ತರ ಎದುರಾಗುವ ಸಂದರ್ಭಗಳುಂಟು. ಇದಕ್ಕೆ ಉಪಖಂಡದ ಅತ್ಯಂತ ಪ್ರಸಿದ್ಧ ನಿದರ್ಶನ ಬಾಂಗ್ಲಾದೇಶದ ಮತ್ಲಬ್. 1960ರಲ್ಲಿ ಢಾಕಾದಲ್ಲಿ ಸ್ಥಾಪಿತವಾದ ಕಾಲರಾ ಸಂಶೋಧನಾ ಪ್ರಯೋಗಾಲಯವು ಲಸಿಕೆಯ ಪರೀಕ್ಷೆಗೆಂದು ಮತ್ಲಬ್ ಪ್ರದೇಶದ ಹಳ್ಳಿಗಳ ಜನನ ಮರಣಗಳನ್ನು ಮನೆಮನೆಗೆ ಹೋಗಿ ದಾಖಲಿಸುವ ವ್ಯವಸ್ಥೆಯನ್ನು ರೂಪಿಸಿತು. ಪ್ರತಿಯೊಂದು ಸಾವನ್ನೂ ಬರೆದಿಡುತ್ತಿದ್ದುದರಿಂದ ಯಾರೂ ನಿರೀಕ್ಷಿಸದ ಸಂಗತಿಗಳೂ ಅದರಲ್ಲಿ ಉಳಿದುಕೊಂಡವು. 1976ರಿಂದ 1985ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಸಿರು ಬಾಣಂತನದ ಅವಧಿಯ 387 ಸಾವುಗಳ ಪೈಕಿ ಶೇ. 9ರಷ್ಟಕ್ಕೆ ಹಿಂಸೆ ಮತ್ತು ಗಾಯಗಳೇ ಕಾರಣವೆಂದು ಕಂಡುಬಂದಿತು. ಕಾಲರಾಕ್ಕೆಂದು ಬಂದ ಹಣ ಬಸುರಿಯರ ಮೇಲಿನ ಹಿಂಸೆಯ ಮೊದಲ ವಿಶ್ವಾಸಾರ್ಹ ಲೆಕ್ಕಗಳಲ್ಲೊಂದನ್ನು ಕೊಟ್ಟಿತು. ವ್ಯಾಖ್ಯೆಯನ್ನು ಬದಿಗಿರಿಸಿ ಎಲ್ಲ ಸಾವುಗಳನ್ನೂ ಎಣಿಸಿದಾಗ ಏನಾಗುತ್ತದೆಂಬುದನ್ನು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಅಧ್ಯಯನವೊಂದು 2001ರಲ್ಲಿ ಮತ್ತೆ ಸಾರಿತು. ಬಸಿರಿನಲ್ಲಿ ಅಥವಾ ಅದು ಮುಗಿದ ಒಂದು ವರ್ಷದೊಳಗೆ ಅಲ್ಲಿ 1993ರಿಂದ 1998ರವರೆಗೆ ಸಂಭವಿಸಿದ 247 ಸಾವುಗಳಲ್ಲಿ 50 ಕೊಲೆಗಳಾಗಿದ್ದವು. ಬೇರಾವ ಕಾರಣವೂ ಅಷ್ಟು ಸಾವುಗಳಿಗೆ ಕಾರಣವಾಗಿರಲಿಲ್ಲ.

ಭಾರತದಲ್ಲಿ ಹಿಂಸೆಯ ಪ್ರಶ್ನೆಯನ್ನು ಮುನ್ನೆಲೆಗೆ ತಂದವರು ವೈದ್ಯರಾಗಲಿ ಜನಸಂಖ್ಯಾಶಾಸ್ತ್ರಜ್ಞರಾಗಲಿ ಅಲ್ಲ, ಮಹಿಳಾ ಸಂಘಟನೆಗಳು. ವರದಕ್ಷಿಣೆ ಸಾವುಗಳ ವಿರುದ್ಧದ ಚಳವಳಿಯ ಫಲವಾಗಿ 1983ರಲ್ಲಿ ಭಾರತೀಯ ದಂಡ ಸಂಹಿತೆಗೆ 498-ಎ ಕಲಮೂ 1986ರಲ್ಲಿ 304-ಬಿ ಕಲಮೂ ಸೇರಿದವು. ಬೆಂಗಳೂರಿನಲ್ಲಿ 1979ರಲ್ಲಿ ಹುಟ್ಟಿಕೊಂಡ ವಿಮೋಚನಾ ಸಂಘಟನೆಯು ತೊಂಬತ್ತರ ದಶಕದ ಕೊನೆಯಲ್ಲಿ ನಗರದ ವಿವಾಹಿತ ಮಹಿಳೆಯರ ಅಸಹಜ ಸಾವುಗಳನ್ನು ಬೆನ್ನುಹತ್ತಿತು. ಪೊಲೀಸ್ ಕಡತ, ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡು, ಬಂಧುಗಳ ಮಾತು ಇವನ್ನು ಅದು ಒಂದಕ್ಕೊಂದು ತಾಳೆ ನೋಡಿತು. ಸೀಮೆಎಣ್ಣೆ ಸ್ಟೌ ಸಿಡಿದು ಸತ್ತಳೆಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತಿದ್ದ ಪ್ರಕರಣಗಳು ಎಷ್ಟು ಎಂಬುದು ಆಗ ಸಾರ್ವಜನಿಕರಿಗೆ ಗೊತ್ತಾಯಿತು. ಇದು ಯಾವುದೇ ವಿಶ್ವವಿದ್ಯಾಲಯದ ಸಂಶೋಧನಾ ಯೋಜನೆಯ ಚೌಕಟ್ಟಿನಲ್ಲಿ ಹುಟ್ಟಿದ ಕೆಲಸವಲ್ಲ. ವಿಧಾನದ ದೃಷ್ಟಿಯಿಂದ ಮಾತ್ರ ಇದು ಯಾವ ಸಂಶೋಧನೆಗೂ ಕಡಿಮೆಯಲ್ಲ: ಭಿನ್ನ ಆಕರಗಳನ್ನು ತಾಳೆನೋಡಿ ಸಾವಿನ ಕಾರಣವನ್ನು ಪುನರ್ನಿರ್ಣಯಿಸುವುದೇ ತಾಯಿ ಮರಣ ಸಂಶೋಧನೆಯ ಆಧುನಿಕ ಕ್ರಮವೂ ಹೌದು.

ಆ ವೇಳೆಗೆ ಅಂತಾರಾಷ್ಟ್ರೀಯ ವಾತಾವರಣ ಬದಲಾಗಿತ್ತು. 1987ರಲ್ಲಿ ನೈರೋಬಿಯಲ್ಲಿ ನಡೆದ ಸುರಕ್ಷಿತ ತಾಯ್ತನ ಸಮ್ಮೇಳನವು ತಾಯಂದಿರ ಸಾವಿನತ್ತ ಜಗತ್ತಿನ ಗಮನ ಸೆಳೆದಿತ್ತಾದರೂ ಅಲ್ಲಿನ ಒತ್ತು ಪ್ರಸೂತಿ ಸೇವೆಗಳ ಮೇಲಿತ್ತು. ನಿರ್ಣಾಯಕ ತಿರುವು ಬಂದದ್ದು ಅಚ್ಚರಿಯೆನಿಸುವಂತೆ ಅರ್ಥಶಾಸ್ತ್ರದ ಕಡೆಯಿಂದ. ರೋಗದಿಂದ ನಷ್ಟವಾಗುವ ಆರೋಗ್ಯವಂತ ವರ್ಷಗಳನ್ನು ಎಣಿಸುವ ಮಾಪನವನ್ನು ವಿಶ್ವಬ್ಯಾಂಕಿನ 1993ರ ವಿಶ್ವ ಅಭಿವೃದ್ಧಿ ವರದಿ ಬಳಕೆಗೆ ತಂದಿತು. ಅದನ್ನು ಆಧರಿಸಿ ಲೋರಿ ಹೈಸ್ ಮತ್ತು ಸಂಗಡಿಗರು 1994ರಲ್ಲಿ ಸಿದ್ಧಪಡಿಸಿದ ವಿಶ್ವಬ್ಯಾಂಕ್ ಪ್ರಬಂಧವು, ಸಂತಾನೋತ್ಪತ್ತಿಯ ವಯಸ್ಸಿನ ಮಹಿಳೆಯರು ಕಳೆದುಕೊಳ್ಳುವ ಆರೋಗ್ಯವಂತ ವರ್ಷಗಳಲ್ಲಿ ಅತ್ಯಾಚಾರ ಮತ್ತು ಕೌಟುಂಬಿಕ ಹಿಂಸೆಯ ಪಾಲು ಅಭಿವೃದ್ಧಿಶೀಲ ದೇಶಗಳಲ್ಲಿ ಶೇ. 5, ಮುಂದುವರಿದ ದೇಶಗಳಲ್ಲಿ ಶೇ. 19 ಎಂದು ಅಂದಾಜಿಸಿತು. ಹಿಂಸೆ ಒಂದು ರೋಗವಲ್ಲ, ಅನೇಕ ರೋಗಗಳಿಗೆ ಕಾರಣ ಎಂಬ ತರ್ಕ ಈ ಲೆಕ್ಕದ ಹಿಂದಿತ್ತು. ಅಂಕಿಗಳು ಒರಟಾದವು, ಅಂದಾಜುಗಳ ಮೇಲೆ ಅಂದಾಜು ಕಟ್ಟಿದವು. ಆದರೂ ಅನುದಾನದ ಅರ್ಜಿಗೆ ಬೇಕಾದ ಭಾಷೆ ಅವುಗಳಿಂದ ದೊರೆಯಿತು. 1994ರ ಕೈರೋ ಮತ್ತು 1995ರ ಬೀಜಿಂಗ್ ಸಮ್ಮೇಳನಗಳ ಬಳಿಕ, 1996ರಲ್ಲಿ ವಿಶ್ವ ಆರೋಗ್ಯ ಸಭೆಯು ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಆದ್ಯತೆಯೆಂದು ಘೋಷಿಸಿತು. ಈ ಭಾಷೆಗೆ ಒಂದು ಬೆಲೆಯೂ ಇತ್ತು. ಹೊಡೆತ ತಪ್ಪು ಎಂದು ಹೇಳಲು ಹೊಡೆತದಿಂದ ಶಿಶುವಿನ ತೂಕ ಎಷ್ಟು ಕಡಿಮೆಯಾಯಿತೆಂದು ತೋರಿಸಬೇಕಾದ ಸ್ಥಿತಿ ಅದರಿಂದ ಬಂದಿತು.

ಇದೇ ದಶಕದಲ್ಲಿ ಭಾರತದಿಂದ ಮೂರು ಮುಖ್ಯ ಅಧ್ಯಯನಗಳು ಬಂದವು. ಪುಣೆಯ ಗಣಾತ್ರಾ, ಕೊಯಾಜಿ ಮತ್ತು ರಾವ್ ಅವರು ಪಶ್ಚಿಮ ಮಹಾರಾಷ್ಟ್ರದ 400 ಹಳ್ಳಿಗಳಲ್ಲಿ ತಾಯಿ ಮರಣಗಳನ್ನು ಹುಡುಕಿದರು. 1998ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಬಸಿರಿನ ಅವಧಿಯಲ್ಲಿ ಸಂಭವಿಸಿದ ಸಾವುಗಳಲ್ಲಿ ಶೇ. 16ಕ್ಕೆ ಕೌಟುಂಬಿಕ ಹಿಂಸೆ ಕಾರಣ. ಆ ಪ್ರದೇಶದ ತಾಯಿ ಮರಣಗಳಲ್ಲಿ ಶೇ. 70ರಷ್ಟು ದಾಖಲಾಗುತ್ತಲೇ ಇರಲಿಲ್ಲವೆಂದೂ, ದಾಖಲಾದವುಗಳಲ್ಲಿ ಶೇ. 41ರಷ್ಟು ತಪ್ಪಾಗಿ ವರ್ಗೀಕೃತವಾಗಿದ್ದವೆಂದೂ ಅದರ ಆಧಾರದಿಂದ ವಿಶ್ವ ಆರೋಗ್ಯ ಸಂಸ್ಥೆಯ 2002ರ ಹಿಂಸೆ ಕುರಿತ ವರದಿ ಉಲ್ಲೇಖಿಸಿತು. ಎರಡನೆಯದು ಶಿರೀನ್ ಜೀಜೀಭಾಯ್ ಅವರದು. ಮಹಿಳೆಯರ ಸ್ಥಾನಮಾನ ಮತ್ತು ಫಲವಂತಿಕೆಯ ಸಂಬಂಧವನ್ನು ತಿಳಿಯಲು ಉತ್ತರಪ್ರದೇಶ ಮತ್ತು ತಮಿಳುನಾಡುಗಳಲ್ಲಿ 1842 ಮಹಿಳೆಯರನ್ನು ಸಂದರ್ಶಿಸಿದ ಸಮೀಕ್ಷೆಯಿಂದ, ಹೆಂಡತಿಯನ್ನು ಹೊಡೆಯುವುದಕ್ಕೂ ಭ್ರೂಣ ಹಾಗೂ ಶಿಶುಗಳ ಸಾವಿಗೂ ಇರುವ ನಂಟನ್ನು ಅವರು ಎತ್ತಿ ತೋರಿಸಿದರು.

ಮೂರನೆಯದು ಕರ್ನಾಟಕಕ್ಕೆ ಸೇರಿದ್ದು. ಅರ್ಥಶಾಸ್ತ್ರಜ್ಞ ವಿಜಯೇಂದ್ರ ರಾವ್ ಕರ್ನಾಟಕದ ಮೂರು ಹಳ್ಳಿಗಳ ಕುಂಬಾರ ಸಮುದಾಯದಲ್ಲಿ ಮಾಡಿದ ಕ್ಷೇತ್ರಕಾರ್ಯದ ಆರಂಭಿಕ ಗುರಿ ವಿವಾಹ ಸಂಬಂಧಗಳ ಮತ್ತು ವರದಕ್ಷಿಣೆಯ ಅಧ್ಯಯನವಾಗಿತ್ತು. ಹೆಂಗಸರೊಡನೆ ಮಾತಿಗೆ ಕುಳಿತಾಗ ಹೊಡೆತದ ಪ್ರಸ್ತಾಪ ಮತ್ತೆ ಮತ್ತೆ ಬಂದಿತು. ಹಿಂಸೆ ತೀರ ವಿಪರೀತವಾಗದ ಹೊರತು ಸಮುದಾಯ ಅದನ್ನು ಸಹಜವೆಂದೇ ಸ್ವೀಕರಿಸುತ್ತದೆಂಬುದು ಅವರ 1997ರ ಲೇಖನದ ಒಂದು ಅವಲೋಕನ. ಗಂಡನ ಕುಡಿತ, ವರದಕ್ಷಿಣೆ ಸಾಲದೆಂಬ ಅತೃಪ್ತಿ, ಬದುಕಿರುವ ಗಂಡುಮಕ್ಕಳ ಸಂಖ್ಯೆ ಇವುಗಳ ಜೊತೆಗೆ ಹೆಂಡತಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾಳೆಯೇ ಎಂಬುದಕ್ಕೂ ಹಿಂಸೆಯ ಸಾಧ್ಯತೆಗೂ ಸಂಬಂಧವಿರುವುದನ್ನು ಅವರು ಕಂಡರು. ಎರಡು ದಶಕಗಳ ಕಾಲ ಕುಟುಂಬ ಯೋಜನೆಗೆ ಹಣ ಸುರಿದ ರಾಜ್ಯದಲ್ಲಿ ಆ ಯೋಜನೆಯ ಮುಖ್ಯ ಸಾಧನವೇ ಹೆಣ್ಣಿನ ಮೇಲಿನ ಅನುಮಾನಕ್ಕೂ ಹೊಡೆತಕ್ಕೂ ಹೆದ್ದಾರಿಯಾಗಬಹುದೆಂಬುದನ್ನು ಯಾವ ಜನಸಂಖ್ಯಾ ಸಮೀಕ್ಷೆಯೂ ಕೇಳಿರಲಿಲ್ಲ. ಇದೇ ಸಾಮಗ್ರಿಯನ್ನು ಆಧರಿಸಿ ಫ್ರಾನ್ಸಿಸ್ ಬ್ಲೋಕ್ ಅವರೊಡನೆ ಬರೆದ ಲೇಖನ 2002ರಲ್ಲಿ ಅಮೆರಿಕದ ಪ್ರಮುಖ ಅರ್ಥಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾಗಿ, ತವರಿನಿಂದ ಹಣ ಕೀಳುವ ಉಪಾಯವಾಗಿ ಹಿಂಸೆ ಬಳಕೆಯಾಗುವುದನ್ನು ವಿವರಿಸಿತು.

ಹಿಂಸೆಯನ್ನೇ ಗುರಿಯಾಗಿಸಿದ ಮೊದಲ ದೊಡ್ಡ ಬಹುಕೇಂದ್ರ ಅಧ್ಯಯನ ಭಾರತದಲ್ಲಿ ನಡೆದದ್ದು ತೊಂಬತ್ತರ ದಶಕದ ಕೊನೆಗೆ. ಅಮೆರಿಕದ ಅಂತಾರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಯಾದ ಯುಎಸ್‌ಏಡ್‌ನ ಹಣವು ಮಹಿಳೆಯರ ಕುರಿತ ಅಂತಾರಾಷ್ಟ್ರೀಯ ಸಂಶೋಧನಾ ಕೇಂದ್ರದ ಮೂಲಕ ಇನ್‌ಕ್ಲೆನ್ ಜಾಲಕ್ಕೆ ಬಂದಿತು. ಈ ಜಾಲ 1980ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನವು ವೈದ್ಯರಿಗೆ ಸಾಂಕ್ರಾಮಿಕ ರೋಗವಿಜ್ಞಾನದ ತರಬೇತಿ ನೀಡಲು ಕಟ್ಟಿದ್ದು. ಭೋಪಾಲ, ಚೆನ್ನೈ, ದೆಹಲಿ, ಲಖನೌ, ನಾಗಪುರ, ತಿರುವನಂತಪುರ ಮತ್ತು ವೆಲ್ಲೂರುಗಳ 9938 ಮಹಿಳೆಯರನ್ನು ಸಂದರ್ಶಿಸಿದ ಈ ಸಮೀಕ್ಷೆಯಲ್ಲಿ ಸುಮಾರು ಶೇ. 40 ಮಂದಿ ದೈಹಿಕ ಹಿಂಸೆಯನ್ನು ಅನುಭವಿಸಿದ್ದಾಗಿ ತಿಳಿಸಿದರು. ಜಾಲದ ವೈದ್ಯಕೀಯ ಕಾಲೇಜುಗಳಿದ್ದ ಊರುಗಳೇ ಅಧ್ಯಯನದ ಕೇಂದ್ರಗಳಾದವು. ಕರ್ನಾಟಕದ ಒಂದು ಊರೂ ಆ ಪಟ್ಟಿಯಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 10 ದೇಶಗಳ 24,000ಕ್ಕೂ ಹೆಚ್ಚು ಮಹಿಳೆಯರನ್ನು ಮಾತನಾಡಿಸಿ 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ ಬಾಂಗ್ಲಾದೇಶವಿದೆ, ಭಾರತವಿಲ್ಲ. ಬಸಿರಿನಲ್ಲಿ ಹೊಡೆತ ತಿಂದವರ ಪ್ರಮಾಣ ಜಪಾನಿನ ನಗರದಲ್ಲಿ ಶೇ. 1ರಿಂದ ಪೆರು ದೇಶದ ಗ್ರಾಮೀಣ ಪ್ರಾಂತದಲ್ಲಿ ಶೇ. 28ರವರೆಗೆ ಇತ್ತು. ಹೊಡೆದವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಹುಟ್ಟಲಿದ್ದ ಮಗುವಿನ ತಂದೆಯರೇ.

ಭಾರತದ ಮಟ್ಟಿಗೆ ನಿರಂತರತೆಯುಳ್ಳ ಆಕರವೆಂದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. 1992-93ರ ಮೊದಲ ಸುತ್ತು ಫಲವಂತಿಕೆ ಮತ್ತು ಕುಟುಂಬ ಯೋಜನೆಯ ಪರಂಪರೆಗೆ ಸೇರಿದ್ದು, ಯುಎಸ್‌ಏಡ್ ನೆರವಿನದು. 1998-99ರ ಎರಡನೆಯ ಸುತ್ತಿನಲ್ಲಿ ಹಿಂಸೆಯ ಬಗೆಗೆ ಕೆಲವು ಪ್ರಶ್ನೆಗಳು ಸೇರಿದವು. 2005-06ರ ಮೂರನೆಯ ಸುತ್ತಿನಲ್ಲಿ, ಯುಎಸ್‌ಏಡ್ ಜೊತೆಗೆ ಬ್ರಿಟನ್ನಿನ ಅಭಿವೃದ್ಧಿ ಇಲಾಖೆ, ಗೇಟ್ಸ್ ಪ್ರತಿಷ್ಠಾನ, ಯುನಿಸೆಫ್ ಮತ್ತು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಗಳೂ ಹಣ ತೊಡಗಿಸಿದಾಗ, ಕೌಟುಂಬಿಕ ಹಿಂಸೆಗೆ ಪ್ರತ್ಯೇಕ ಭಾಗವೇ ಬಂದು 83,703 ಮಹಿಳೆಯರು ಅದಕ್ಕೆ ಉತ್ತರಿಸಿದರು. ಒಂದು ಮನೆಯಿಂದ ಒಬ್ಬಳನ್ನು ಮಾತ್ರ, ಬೇರೆ ಯಾರೂ ಕೇಳಿಸಿಕೊಳ್ಳದ ಕಡೆ ಕೂರಿಸಿ ಪ್ರಶ್ನಿಸುವ ನಿಯಮವಿತ್ತು. ಒಂದೇ ಕೋಣೆಯ ಮನೆಗಳಲ್ಲಿ ಈ ಏಕಾಂತಕ್ಕೆ ಬೇಕಾಗುವ ಸಮಯವೂ ತರಬೇತಿಯೂ ಹಣದ ಬಾಬತ್ತುಗಳೇ. ಇವುಗಳಲ್ಲಿ ಮಿತವ್ಯಯ ಮಾಡಿದ ಸಮೀಕ್ಷೆಯಲ್ಲಿ ಹಿಂಸೆ ಕಡಿಮೆಯಾದಂತೆ ಕಾಣುತ್ತದೆ. 2019-21ರ ಐದನೆಯ ಸುತ್ತಿನಲ್ಲಿ ಬಸಿರಿನಲ್ಲಿ ದೈಹಿಕ ಹಿಂಸೆ ಅನುಭವಿಸಿದವರು ದೇಶದಲ್ಲಿ ಶೇ. 3.1 ಮಾತ್ರ. ಮುಂಬಯಿಯ ಸೆಹತ್ ಸಂಸ್ಥೆಯು ಆಸ್ಪತ್ರೆಯ ಗರ್ಭಿಣಿ ತಪಾಸಣಾ ವಿಭಾಗದಲ್ಲಿ ತರಬೇತಾದ ಆಪ್ತಸಮಾಲೋಚಕರ ಮೂಲಕ ಸುಮಾರು 2500 ಮಹಿಳೆಯರನ್ನು ವಿಚಾರಿಸಿದಾಗ ಆ ಬಸಿರಿನಲ್ಲೇ ಹಿಂಸೆ ಅನುಭವಿಸಿದವರು ಶೇ. 16ರಷ್ಟಿದ್ದರು. ಜನವರ್ಗ ಬೇರೆ, ಹಿಂಸೆಯ ವ್ಯಾಖ್ಯೆಯೂ ಬೇರೆ ಎಂಬುದು ನಿಜವಾದರೂ, ಕೇಳುವ ಬಗೆಗೂ ದೊರೆಯುವ ಉತ್ತರಕ್ಕೂ ಇರುವ ಅಂತರ ಸಣ್ಣದಲ್ಲ. ಚೊಚ್ಚಲ ಬಸುರಿಯನ್ನು ಬಾಣಂತನಕ್ಕೆ ತವರಿಗೆ ಕಳುಹಿಸುವ ನಮ್ಮ ಪದ್ಧತಿಯನ್ನೂ ಇಲ್ಲಿ ನೆನೆಯಬೇಕು. ಅದು ಅವಳಿಗೆ ಕೆಲವು ತಿಂಗಳ ರಕ್ಷಣೆಯಾಗಬಹುದು. ಆದರೆ ತವರಿಗೆ ಹೋದವಳನ್ನು ಗಂಡನ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಹಿಂಬಾಲಿಸಲಾರದು.

ಕರ್ನಾಟಕದಲ್ಲಿ ಎರಡು ಸಾವಿರದ ದಶಕದ ಹಣದ ಹೆಸರು ಏಡ್ಸ್. ಬೆಂಗಳೂರಿನ ಬಡ ಬಡಾವಣೆಗಳಲ್ಲಿ ಸುನೀತಾ ಕೃಷ್ಣನ್ ಮತ್ತು ಸಂಗಡಿಗರು ಕೈಗೊಂಡ ಸಮತಾ ಆರೋಗ್ಯ ಅಧ್ಯಯನಕ್ಕೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಅನುದಾನ ಬಂದದ್ದು, ಗಂಡು ಹೆಣ್ಣಿನ ನಡುವಣ ಅಧಿಕಾರ ಸಂಬಂಧ ಲೈಂಗಿಕ ಸೋಂಕಿಗೆ ಹೇಗೆ ದಾರಿಯಾಗುತ್ತದೆ ಎಂಬ ಪ್ರಶ್ನೆಗೆ. 16ರಿಂದ 25 ವರ್ಷದ 744 ವಿವಾಹಿತೆಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ದೈಹಿಕ ಹಿಂಸೆಗೆ ಒಳಗಾಗಿದ್ದರೆಂದು 2009ರಲ್ಲಿ ಪ್ರಕಟವಾದ ಫಲಿತಾಂಶ ತಿಳಿಸಿತು. ಈ ಅನುಭವದಿಂದ ರೂಪುಗೊಂಡ 'ದಿಲ್ ಮಿಲ್' ಪ್ರಯೋಗ ಗರ್ಭಿಣಿ ಸೊಸೆಯನ್ನೂ ಅತ್ತೆಯನ್ನೂ ಒಟ್ಟಿಗೆ ಕರೆದು ಕೂರಿಸಿತು. ಬಸಿರು ಮತ್ತು ಹಿಂಸೆ ಇಲ್ಲಿ ಕೊನೆಗೂ ಒಂದೇ ಅಧ್ಯಯನದ ಶೀರ್ಷಿಕೆಯಡಿ ಬಂದವು. ಮಾತನಾಡಿದ ತಪ್ಪಿಗೆ ಸೊಸೆ ಮನೆಗೆ ಹೋಗಿ ಇನ್ನಷ್ಟು ಹೊಡೆತ ತಿನ್ನಬಾರದೆಂಬ ಎಚ್ಚರವೇ ಒಂದು ಪ್ರತ್ಯೇಕ ಲೇಖನದ ವಿಷಯವಾಯಿತು. ನಿಮ್ಹಾನ್ಸ್ ಸಂಶೋಧಕರು ಬೆಂಗಳೂರಿನ 462 ಗರ್ಭಿಣಿಯರಲ್ಲಿ ಆತ್ಮಹತ್ಯೆಯ ಆಲೋಚನೆಯನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 7.6 ಮಂದಿಯಲ್ಲಿ ಅದು ಕಂಡುಬಂದಿತು. ಇದರ ಮಹತ್ವ ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆಯ 2012ರ ಮಾರ್ಗಸೂಚಿಯನ್ನು ನೋಡಬೇಕು. ಬಸಿರಿನಲ್ಲಿ ಸಂಭವಿಸುವ ಆತ್ಮಹತ್ಯೆಯನ್ನು ಅದು ನೇರ ತಾಯಿ ಮರಣಗಳ ಗುಂಪಿಗೆ ಸೇರಿಸಿತು. ಕೊಲೆಯನ್ನು ಮಾತ್ರ ಆಕಸ್ಮಿಕದ ಸಾಲಿನಲ್ಲಿಯೇ ಉಳಿಸಿತು.

ಬೇರೆ ಹೆಸರಿನಲ್ಲಿ ಬಂದ ಹಣ ಬೇರೆ ಕಾರಣಕ್ಕೆ ನಿಂತುಹೋಗುತ್ತದೆ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯು, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸಿ, ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. ನಗರದ ಸಂಶೋಧನಾ ಸಂಸ್ಥೆಯ ಮೂಲಕ ತಾಲ್ಲೂಕು ಮಟ್ಟದ ಮಹಿಳಾ ಸಂಘಟನೆಗೆ ಹಣ ತಲುಪುತ್ತಿದ್ದ ದಾರಿ ಅಲ್ಲಿಗೆ ಮುಚ್ಚಿತು.  2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು. ಅನೇಕ ದೇಶಗಳಲ್ಲಿ ಹಿಂಸೆಯ ಪ್ರಶ್ನಾವಳಿಯನ್ನು ಒಳಗೊಂಡಿದ್ದ ಜನಸಂಖ್ಯಾ ಮತ್ತು ಆರೋಗ್ಯ ಸಮೀಕ್ಷಾ ಕಾರ್ಯಕ್ರಮಕ್ಕೆ ಯುಎಸ್‌ಏಡ್ ನೀಡುತ್ತಿದ್ದ ಹಣ ಫೆಬ್ರವರಿಯಲ್ಲಿ ರದ್ದಾಯಿತು. ಜುಲೈ 1ರಂದು ಯುಎಸ್‌ಏಡ್ ಸಂಸ್ಥೆಯೇ ಕೊನೆಗೊಂಡಿತು. ಅಮೆರಿಕದೊಳಗೂ, ಹೊಸ ತಾಯಂದಿರನ್ನು ಬಸಿರಿನ ದಿನಗಳ ಹಿಂಸೆಯ ಬಗೆಗೂ ವಿಚಾರಿಸುತ್ತ 1987ರಿಂದ ನಡೆದುಬಂದಿದ್ದ ಸಮೀಕ್ಷೆಯ ಸಿಬ್ಬಂದಿಯನ್ನು ಅದೇ ವರ್ಷದ ಏಪ್ರಿಲ್‌ನಲ್ಲಿ ರಜೆಯ ಮೇಲೆ ಕಳುಹಿಸಲಾಯಿತು. ಈ ನಿರ್ಧಾರಗಳಲ್ಲಿ ಯಾವುದೂ ಬಸುರಿಯರ ಮೇಲಿನ ಹಿಂಸೆಯನ್ನು ಕುರಿತು ತೆಗೆದುಕೊಂಡದ್ದಲ್ಲ.

ಕರ್ನಾಟಕದ ಮುಂದೆ ಈಗ ಎರಡು ಅಂಕಿಗಳಿವೆ. ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 2001-03ರಲ್ಲಿ 228 ಇದ್ದ ತಾಯಂದಿರ ಮರಣ ಪ್ರಮಾಣ 2018-20ರಲ್ಲಿ 69ಕ್ಕೆ ಇಳಿದಿದೆ. ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಗೊಳಗಾದ ವಿವಾಹಿತೆಯರ ಪ್ರಮಾಣ 2015-16ರಲ್ಲಿ ಶೇ. 20.6 ಇದ್ದದ್ದು 2019-21ರಲ್ಲಿ ಶೇ. 44.4ಕ್ಕೆ ಏರಿ ದೇಶದಲ್ಲಿಯೇ ಅತಿ ಹೆಚ್ಚಿನದಾಗಿದೆ. ನಾಲ್ಕೈದು ವರ್ಷಗಳಲ್ಲಿ ಹಿಂಸೆ ಇಮ್ಮಡಿಯಾಯಿತೋ, ಹಿಂದಿನ ಸುತ್ತಿನಲ್ಲಿ ಹೇಳದೆ ಉಳಿದದ್ದು ಈಗ ಹೊರಬಂದಿತೋ ಎಂಬುದನ್ನು ಸಮೀಕ್ಷೆಯ ಕೋಷ್ಟಕವೊಂದೇ ನಿರ್ಣಯಿಸಲಾರದು. ಅದಕ್ಕೆ ಹಳ್ಳಿಗಳಿಗೆ ಮರಳಿ ಹೋಗುವ, ತಿಂಗಳುಗಟ್ಟಲೆ ಅಲ್ಲಿ ಉಳಿಯುವ ಅಧ್ಯಯನ ಬೇಕಾಗುತ್ತದೆ. ಮೊದಲ ಅಂಕಿಯನ್ನು ಇಳಿಸಿದ ರಕ್ತನಿಧಿ, ಆಂಬುಲೆನ್ಸ್, ಆಸ್ಪತ್ರೆ ಹೆರಿಗೆಗಳು ಎರಡನೆಯದನ್ನು ಮುಟ್ಟುವುದಿಲ್ಲ. ರಕ್ತಸ್ರಾವ ಮತ್ತು ನಂಜಿನ ಸಾವುಗಳು ಕಡಿಮೆಯಾದಷ್ಟೂ ಬಸಿರಿನ ಅವಧಿಯ ಒಟ್ಟು ಸಾವುಗಳಲ್ಲಿ ಹಿಂಸೆಯ ಪಾಲು ದೊಡ್ಡದಾಗುತ್ತ ಹೋಗುತ್ತದೆ. ಆ ಪಾಲು ದಾಖಲಾಗುತ್ತಿರುವುದು ಇಂದಿಗೂ ಠಾಣೆಯ ಕಡತದಲ್ಲಿಯೇ.